ಕರುಳಿನ ಪಾಲಿಪ್: ಗಾತ್ರ ಏಕೆ ಮುಖ್ಯ? ವೈದ್ಯರು ಅದನ್ನು ಅಳೆಯುವುದು ಹೇಗೆ?

ಕೊಲ್ಹಾಪುರ: ಕೊಲೊನೊಸ್ಕೋಪಿ ಮಾಡಿಸಿಕೊಂಡ ರೋಗಿಯ ಕೈಗೆ ಇಂಗ್ಲಿಷಿನಲ್ಲಿ ಬರೆದ ವರದಿ ಬರುತ್ತದೆ. ಡಾಕ್ಟರು ಮರಾಠಿಯಲ್ಲಿ ನಾಲ್ಕು ಮಾತು ತಿಳಿಸಿ ಹೇಳುತ್ತಾರೆ. ಮನೆಗೆ ಬಂದ ಮೇಲೆ ಮಾತುಕತೆ ಕನ್ನಡದಲ್ಲಿ ನಡೆಯುತ್ತದೆ. ಈ ಮೂರು ಭಾಷೆಗಳ ನಡುವೆ ವರದಿಯ ಒಂದು ಮುಖ್ಯ ಅಂಕಿ ಸುಲಭವಾಗಿ ಕಳೆದುಹೋಗುತ್ತದೆ. ಅದು ಕರುಳಿನಲ್ಲಿ ಕಂಡ ಪಾಲಿಪ್ ಎಷ್ಟು ಮಿಲಿಮೀಟರ್ ಇತ್ತು ಎಂಬುದು.

ಪಾಲಿಪ್ ಅನ್ನು ಯಾವ ವಿಧಾನದಿಂದ ತೆಗೆಯಬೇಕು, ತೆಗೆದದ್ದು ಸಾಕೇ ಅಥವಾ ದೊಡ್ಡ ಆಸ್ಪತ್ರೆಗೆ ಹೋಗಬೇಕೇ, ಮುಂದಿನ ಪರೀಕ್ಷೆ 3 ವರ್ಷಕ್ಕೋ 10 ವರ್ಷಕ್ಕೋ ಎಂಬುದನ್ನೆಲ್ಲ ನಿರ್ಧರಿಸುವಲ್ಲಿ ಈ ಅಂಕಿಗೆ ದೊಡ್ಡ ಪಾತ್ರವಿದೆ. ಕೊಲ್ಹಾಪುರ, ಇಚಲಕರಂಜಿ, ಗಡಹಿಂಗ್ಲಜ ಹಾಗೂ ಗಡಿಯ ಆಚೆಯ ನಿಪ್ಪಾಣಿ, ಸಂಕೇಶ್ವರ, ಹುಕ್ಕೇರಿ ಭಾಗದ ಓದುಗರಿಗಾಗಿ ಈ ವಿಷಯದ ಮಾಹಿತಿ ಇಲ್ಲಿದೆ.

ಪಾಲಿಪ್ ಎಂದರೇನು?

ದೊಡ್ಡ ಕರುಳು ಸುಮಾರು ಒಂದೂವರೆ ಮೀಟರ್ ಉದ್ದದ ಕೊಳವೆ. ಮರಾಠಿಯಲ್ಲಿ ಇದಕ್ಕೆ ‘ಮೋಠೆ ಆತಡೆ’ ಎನ್ನುತ್ತಾರೆ. ಇದರ ಒಳಪದರದ ಮೇಲೆ ಕೆಲವರಲ್ಲಿ ಸಣ್ಣ ಗಂಟುಗಳು ಬೆಳೆಯುತ್ತವೆ. ಇವೇ ಪಾಲಿಪ್‌ಗಳು. ಕೆಲವು ಅಣಬೆಯಂತೆ ತೊಟ್ಟಿನ ಮೇಲೆ ನಿಂತಿರುತ್ತವೆ. ಕೆಲವು ನರಹುಲಿಯಂತೆ ಗೋಡೆಗೆ ಅಂಟಿಕೊಂಡಿರುತ್ತವೆ. ಇನ್ನು ಕೆಲವು ಚಾಪೆ ಹಾಸಿದಂತೆ ಚಪ್ಪಟೆಯಾಗಿದ್ದು ಕಣ್ಣಿಗೆ ಬೀಳುವುದೇ ಕಷ್ಟ.

ಪಾಲಿಪ್ ಇದೆ ಎಂದ ಮಾತ್ರಕ್ಕೆ ಕ್ಯಾನ್ಸರ್ ಇದೆ ಎಂದಲ್ಲ. ಇವುಗಳಲ್ಲಿ ಹಲವು ಬಗೆಗಳಿವೆ. ‘ಹೈಪರ್‌ಪ್ಲಾಸ್ಟಿಕ್’ ಎಂಬ ಸಣ್ಣ ಪಾಲಿಪ್‌ಗಳು ಸಾಮಾನ್ಯವಾಗಿ ನಿರುಪದ್ರವಿ. ‘ಅಡಿನೋಮಾ’ ಮತ್ತು ‘ಸೆರೇಟೆಡ್’ ಎಂಬ ಬಗೆಗಳು ಕಾಲಕ್ರಮೇಣ ಕ್ಯಾನ್ಸರ್ ಆಗಿ ಬದಲಾಗಬಹುದು. ಎಲ್ಲ ಅಡಿನೋಮಾಗಳೂ ಹಾಗೆ ಬದಲಾಗುವುದಿಲ್ಲ. ಬದಲಾಗುವವುಗಳಿಗೂ ಸಾಮಾನ್ಯವಾಗಿ 10 ವರ್ಷ ಅಥವಾ ಅದಕ್ಕಿಂತ ಹೆಚ್ಚು ಕಾಲ ಬೇಕು. ಈ ದೀರ್ಘ ಅವಧಿಯೇ ರೋಗಿಗೆ ಸಿಗುವ ಅವಕಾಶ. ಗಂಟು ಸಣ್ಣದಿರುವಾಗಲೇ ತೆಗೆದುಹಾಕಿದರೆ ಮುಂದೆ ಬರಬಹುದಾದ ಕ್ಯಾನ್ಸರನ್ನೇ ತಡೆದಂತಾಗುತ್ತದೆ.

ಮೂಲವ್ಯಾಧಿ ಎಂದು ಸುಮ್ಮನಿರಬೇಡಿ

ಮಲದಲ್ಲಿ ರಕ್ತ ಕಂಡರೆ ‘ಮೂಲವ್ಯಾಧಿ ಇರಬೇಕು’ ಎಂದು ನಮ್ಮ ಭಾಗದಲ್ಲಿ ತಾವೇ ನಿರ್ಧರಿಸಿಬಿಡುವವರು ಬಹಳ. ಮರಾಠಿಯಲ್ಲಿ ‘ಮೋಡ ಆಲಾಯ’ ಎಂದು ಹೇಳಿ ಗಿಡಮೂಲಿಕೆ, ಮುಲಾಮುಗಳಲ್ಲಿ ತಿಂಗಳುಗಟ್ಟಲೆ ಕಳೆಯುವುದೂ ಉಂಟು. ಮೂಲವ್ಯಾಧಿ ಗುದದ್ವಾರದ ರಕ್ತನಾಳಗಳ ಊತ. ಪಾಲಿಪ್ ಕರುಳಿನ ಒಳಪದರದ ಬೆಳವಣಿಗೆ. ಎರಡೂ ಬೇರೆ ಬೇರೆ, ಆದರೆ ಎರಡರಲ್ಲೂ ರಕ್ತ ಹೋಗಬಹುದು. ಒಬ್ಬರಿಗೇ ಎರಡೂ ಇರಬಹುದು. ಹೊರಗಿನಿಂದ ನೋಡಿ ಯಾರೂ ಇದನ್ನು ಬೇರ್ಪಡಿಸಿ ಹೇಳಲಾರರು.

ಪಾಶ್ಚಾತ್ಯ ದೇಶಗಳಿಗೆ ಹೋಲಿಸಿದರೆ ಭಾರತದಲ್ಲಿ ದೊಡ್ಡ ಕರುಳಿನ ಕ್ಯಾನ್ಸರ್ ಪ್ರಮಾಣ ಕಡಿಮೆ. ಆದರೆ ಇಲ್ಲಿ 50 ವರ್ಷಕ್ಕಿಂತ ಕಿರಿಯರಲ್ಲೂ ಅದು ಕಂಡುಬರುತ್ತಿದೆ. ಸರ್ಕಾರದ ತಪಾಸಣಾ ಕಾರ್ಯಕ್ರಮದಲ್ಲಿ ಬಾಯಿ, ಸ್ತನ ಮತ್ತು ಗರ್ಭಕೊರಳಿನ ಕ್ಯಾನ್ಸರ್‌ಗಳು ಸೇರಿವೆ. ಕರುಳಿನ ಕ್ಯಾನ್ಸರ್‌ಗೆ ರಾಷ್ಟ್ರಮಟ್ಟದಲ್ಲಿ ಅಂಥ ವ್ಯವಸ್ಥೆ ಇಲ್ಲ. ಆದ್ದರಿಂದ ಲಕ್ಷಣ ಕಂಡಾಗ ತಾವೇ ಮುಂದಾಗಿ ವೈದ್ಯರ ಬಳಿ ಹೋಗಬೇಕು.

ಮಲದಲ್ಲಿ ರಕ್ತ, ಮಲವಿಸರ್ಜನೆಯ ಕ್ರಮದಲ್ಲಿ ವಾರಗಟ್ಟಲೆ ವ್ಯತ್ಯಾಸ, ಕಾರಣವಿಲ್ಲದೆ ತೂಕ ಇಳಿಯುವುದು, ಕಾರಣ ತಿಳಿಯದ ರಕ್ತಹೀನತೆ ಇವು ನಿರ್ಲಕ್ಷಿಸಬಾರದ ಲಕ್ಷಣಗಳು. ತಂದೆ, ತಾಯಿ, ಅಣ್ಣ, ತಮ್ಮ, ಅಕ್ಕ, ತಂಗಿ ಇವರಲ್ಲಿ ಯಾರಿಗಾದರೂ ಕರುಳಿನ ಕ್ಯಾನ್ಸರ್ ಬಂದಿದ್ದರೆ ಲಕ್ಷಣ ಇಲ್ಲದಿದ್ದರೂ 40ನೇ ವಯಸ್ಸಿನಲ್ಲಿ, ಅಥವಾ ಆ ಸಂಬಂಧಿಗೆ ರೋಗ ಪತ್ತೆಯಾದ ವಯಸ್ಸಿಗಿಂತ 10 ವರ್ಷ ಮೊದಲು, ಇವೆರಡರಲ್ಲಿ ಯಾವುದು ಮೊದಲೋ ಆಗ ಪರೀಕ್ಷೆ ಮಾಡಿಸಬೇಕೆಂಬುದು ಸಾಮಾನ್ಯ ನಿಯಮ.

ಗಾತ್ರದ ವರ್ಗಗಳು

ವೈದ್ಯರು ಪಾಲಿಪ್‌ಗಳನ್ನು ಗಾತ್ರದ ಮೇಲೆ ಹೀಗೆ ವಿಂಗಡಿಸುತ್ತಾರೆ:

1. 5 ಮಿ.ಮೀ. ಮತ್ತು ಅದಕ್ಕಿಂತ ಸಣ್ಣವು. ವರದಿಯಲ್ಲಿ ‘ಡಿಮಿನ್ಯುಟಿವ್’ ಎಂದಿರುತ್ತದೆ. ಹೆಚ್ಚಿನ ಪಾಲಿಪ್‌ಗಳು ಈ ಗುಂಪಿನವೇ. ಇವುಗಳಲ್ಲಿ ಕ್ಯಾನ್ಸರ್ ಇರುವುದು ಅತಿ ಅಪರೂಪ.
2. 6ರಿಂದ 9 ಮಿ.ಮೀ. ಇವು ‘ಸ್ಮಾಲ್’, ಅಂದರೆ ಸಣ್ಣವು.
3. 10 ಮಿ.ಮೀ. ಮತ್ತು ಮೇಲಿನವು. ಇವು ‘ಲಾರ್ಜ್’, ಅಂದರೆ ದೊಡ್ಡವು.
4. 20 ಮಿ.ಮೀ. ಮತ್ತು ಮೇಲಿನವು. ಇವಕ್ಕೆ ವಿಶೇಷ ಪರಿಣತಿ ಬೇಕು.

ಅಂದಾಜಿಗೆ ಹೇಳುವುದಾದರೆ ಜೋಳದ ಕಾಳು ಮೊದಲ ಗುಂಪಿಗೆ, ನಾಟಿ ಕಡಲೆಕಾಳು ಎರಡನೆಯದಕ್ಕೆ, ಶೇಂಗಾ ಬೀಜ ಮೂರನೆಯದಕ್ಕೆ ಬರುತ್ತದೆ. ಒಂದು ರೂಪಾಯಿ ನಾಣ್ಯದ ಅಗಲ ಸುಮಾರು 20 ಮಿ.ಮೀ. ಆದರೆ ಕಾಳಿನ ಲೆಕ್ಕ ಮನೆಯಲ್ಲಿ ತಿಳಿದುಕೊಳ್ಳಲು ಮಾತ್ರ. ‘ಹರಭರ‍್ಯಾಏವಢಾ ಹೋತಾ’, ಅಂದರೆ ಕಡಲೆಯಷ್ಟಿತ್ತು, ಎಂದು ಕೇಳಿಸಿಕೊಂಡು ಬಂದರೆ ಸಾಲದು. ಕಡಲೆಯಲ್ಲೇ ನಾಟಿ ಕಡಲೆ 7 ಮಿ.ಮೀ. ಇದ್ದರೆ ಕಾಬೂಲಿ ಕಡಲೆ 10 ಮಿ.ಮೀ. ಇರಬಹುದು. ಈ ಎರಡರ ನಡುವೆಯೇ ಬಹುಮುಖ್ಯ ಗಡಿರೇಖೆ ಇದೆ.

ಗಾತ್ರ ಹೆಚ್ಚಿದಂತೆ ಅಪಾಯ ಹೆಚ್ಚುತ್ತದೆ ಎಂಬುದು ಹಳೆಯ ಅರಿವು. ಲಂಡನ್ನಿನ ಸೇಂಟ್ ಮಾರ್ಕ್ಸ್ ಆಸ್ಪತ್ರೆಯ ಮುಟೋ, ಬಸ್ಸಿ ಮತ್ತು ಮಾರ್ಸನ್ 1975ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, 1 ಸೆಂ.ಮೀ.ಗಿಂತ ಸಣ್ಣ ಅಡಿನೋಮಾಗಳಲ್ಲಿ ಶೇ. 1.3ರಷ್ಟು, 1ರಿಂದ 2 ಸೆಂ.ಮೀ. ಇದ್ದವುಗಳಲ್ಲಿ ಶೇ. 9.5ರಷ್ಟು, 2 ಸೆಂ.ಮೀ. ಮೀರಿದವುಗಳಲ್ಲಿ ಶೇ. 46ರಷ್ಟು ಕ್ಯಾನ್ಸರ್ ಕಂಡುಬಂದಿತ್ತು. ಅದು ಆಸ್ಪತ್ರೆಗೆ ಬಂದ ರೋಗಿಗಳ ಲೆಕ್ಕವಾದ್ದರಿಂದ ಇಂದಿನ ತಪಾಸಣೆಗಳಲ್ಲಿ ಪ್ರಮಾಣ ಇದಕ್ಕಿಂತ ಕಡಿಮೆ. ಆದರೂ 10 ಮಿ.ಮೀ. ಎಂಬ ಗಡಿ ಇಂದಿಗೂ ಉಳಿದಿದೆ.

ಗಾತ್ರ ದುಪ್ಪಟ್ಟಾದರೆ ಅಪಾಯವೂ ದುಪ್ಪಟ್ಟು ಎಂಬ ಸರಳ ಲೆಕ್ಕ ಇಲ್ಲಿ ನಡೆಯದು. ದುಂಡನೆಯ ಗಂಟಿನ ಅಡ್ಡಳತೆ 5ರಿಂದ 10 ಮಿ.ಮೀ.ಗೆ ಏರಿದರೆ ಅದರ ಮೈ ನಾಲ್ಕು ಪಟ್ಟಾಗುತ್ತದೆ, ಒಟ್ಟು ಗಾತ್ರ ಎಂಟು ಪಟ್ಟಾಗುತ್ತದೆ.

ಒಂದು ಮಿಲಿಮೀಟರ್‌ನಿಂದ ಏನಾಗುತ್ತದೆ?

ಗಡಹಿಂಗ್ಲಜ ತಾಲೂಕಿನ ಒಬ್ಬ ರೈತರಿಗೆ ಒಂದೇ ಒಂದು ಅಡಿನೋಮಾ ಕಂಡಿದೆ, ಅದನ್ನು ಪೂರ್ತಿಯಾಗಿ ತೆಗೆಯಲಾಗಿದೆ ಎಂದುಕೊಳ್ಳೋಣ. ಅದರಲ್ಲಿ ಬೇರೆ ಯಾವ ಅಪಾಯದ ಲಕ್ಷಣವೂ ಇಲ್ಲ.

ವರದಿಯಲ್ಲಿ 9 ಮಿ.ಮೀ. ಎಂದಿದ್ದರೆ, ಅಮೆರಿಕದ ತಜ್ಞರ ಜಂಟಿ ಕಾರ್ಯಪಡೆಯ 2020ರ ಶಿಫಾರಸಿನಂತೆ ಮುಂದಿನ ಕೊಲೊನೊಸ್ಕೋಪಿ 7ರಿಂದ 10 ವರ್ಷಕ್ಕೆ. ಯುರೋಪಿನ ಎಂಡೋಸ್ಕೋಪಿ ಸಂಘದ 2020ರ ಶಿಫಾರಸಿನಂತೆ ವಿಶೇಷ ನಿಗಾ ಬೇಕಿಲ್ಲ. ತಪಾಸಣಾ ಕಾರ್ಯಕ್ರಮ ಇಲ್ಲದ ಕಡೆ 10 ವರ್ಷದ ನಂತರ ಮತ್ತೊಮ್ಮೆ ನೋಡಿದರೆ ಸಾಕು.

ಅದೇ ವರದಿಯಲ್ಲಿ 10 ಮಿ.ಮೀ. ಎಂದಿದ್ದರೆ, ಎರಡೂ ಕಡೆಯ ಶಿಫಾರಸು ಒಂದೇ: 3 ವರ್ಷಕ್ಕೆ ಮತ್ತೆ ಪರೀಕ್ಷೆ.

ಗಾತ್ರ ಹೆಚ್ಚಾಗಿ ಬರೆದರೆ ಆ ರೈತರು 3 ವರ್ಷಕ್ಕೇ ಮತ್ತೆ ಕೆಲಸ ಬಿಟ್ಟು, ಭೇದಿ ಔಷಧಿ ಕುಡಿದು, ಮನೆಯವರೊಬ್ಬರನ್ನು ಜತೆಗೆ ಕರೆದುಕೊಂಡು, ಹಣ ಹೊಂದಿಸಿಕೊಂಡು ಬರಬೇಕು. ಚಿಕ್ಕದಾಗಿ ಬರೆದರೆ ಆಗುವ ಹಾನಿ ಇನ್ನೂ ದೊಡ್ಡದು. ನಿಗಾ ಬೇಕಾದವರು 10 ವರ್ಷ ನಿಶ್ಚಿಂತೆಯಿಂದ ಇದ್ದುಬಿಡುತ್ತಾರೆ.

ಸಂಖ್ಯೆಯೂ ಲೆಕ್ಕಕ್ಕೆ ಬರುತ್ತದೆ. ಅಮೆರಿಕದ ಶಿಫಾರಸಿನಲ್ಲಿ 10 ಮಿ.ಮೀ.ಗಿಂತ ಸಣ್ಣ ಅಡಿನೋಮಾ 3ರಿಂದ 4 ಇದ್ದರೆ 3ರಿಂದ 5 ವರ್ಷ, 5ರಿಂದ 10 ಇದ್ದರೆ 3 ವರ್ಷ, 10ಕ್ಕಿಂತ ಹೆಚ್ಚಿದ್ದರೆ 1 ವರ್ಷ. 20 ಮಿ.ಮೀ. ಅಥವಾ ಅದಕ್ಕಿಂತ ದೊಡ್ಡ ಪಾಲಿಪ್ ಅನ್ನು ತುಂಡು ತುಂಡಾಗಿ ತೆಗೆದಿದ್ದರೆ 6 ತಿಂಗಳಿಗೇ ಆ ಜಾಗವನ್ನು ಮತ್ತೆ ನೋಡಬೇಕು. ಅಂತಿಮ ನಿರ್ಧಾರ ಬಯಾಪ್ಸಿ ವರದಿ ನೋಡಿದ ವೈದ್ಯರದ್ದು.

ಕಣ್ಣಂದಾಜು ತಪ್ಪುವುದೇಕೆ?

ಇಷ್ಟೆಲ್ಲ ನಿರ್ಧರಿಸುವ ಅಂಕಿ ಹೆಚ್ಚಿನ ಕಡೆ ಬರುವುದು ವೈದ್ಯರ ಕಣ್ಣಂದಾಜಿನಿಂದ. ಒಂದೇ ಪಾಲಿಪ್‌ನ ಚಿತ್ರವನ್ನು ಹಲವು ವೈದ್ಯರಿಗೆ ತೋರಿಸಿದರೆ ಹೇಳುವ ಗಾತ್ರಗಳು ಬೇರೆ ಬೇರೆಯಾಗುತ್ತವೆ ಎಂಬುದು ಅನೇಕ ಅಧ್ಯಯನಗಳಲ್ಲಿ ಕಂಡಿದೆ. ಇದಕ್ಕೆ ಕಾರಣಗಳು ಹಲವು.

ಮೊದಲನೆಯದು ದೂರ. ಹೆಬ್ಬೆರಳನ್ನು ಕಣ್ಣಿನ ಹತ್ತಿರ ಹಿಡಿದರೆ ಜ್ಯೋತಿಬಾ ಗುಡ್ಡವೇ ಮರೆಯಾಗುತ್ತದೆ. ಕ್ಯಾಮೆರಾ ಪಾಲಿಪ್‌ಗೆ ಹತ್ತಿರ ಬಂದಷ್ಟೂ ಅದು ಪರದೆಯ ಮೇಲೆ ದೊಡ್ಡದಾಗಿ ಕಾಣುತ್ತದೆ, ದೂರ ಸರಿದರೆ ಚಿಕ್ಕದಾಗುತ್ತದೆ. ನಮಗೆ ಎರಡು ಕಣ್ಣು ಇರುವುದರಿಂದ ದೂರ ತಿಳಿಯುತ್ತದೆ. ಕೊಲೊನೊಸ್ಕೋಪ್‌ಗೆ ಇರುವುದು ಒಂದೇ ಕಣ್ಣು. ಪರದೆಯ ಚಿತ್ರದಲ್ಲಿ ಆಳ ತಿಳಿಯುವುದಿಲ್ಲ.

ಎರಡನೆಯದು ಮಸೂರ. ಕರುಳಿನ ಮಡಿಕೆಗಳ ಹಿಂದೆಯೂ ಕಾಣಲಿ ಎಂದು ಕೊಲೊನೊಸ್ಕೋಪ್‌ಗೆ 140ರಿಂದ 170 ಡಿಗ್ರಿ ವಿಸ್ತಾರದ ಅಗಲ ನೋಟದ ಮಸೂರ ಹಾಕಿರುತ್ತಾರೆ. ಇಂಥ ಮಸೂರದಲ್ಲಿ ನಡುವೆ ಇರುವ ವಸ್ತು ಉಬ್ಬಿದಂತೆಯೂ ಅಂಚಿನಲ್ಲಿರುವುದು ಕುಗ್ಗಿದಂತೆಯೂ ಕಾಣುತ್ತದೆ. ಬೈಕಿನ ಉಬ್ಬುಗನ್ನಡಿಯಲ್ಲಿ ಹಿಂದಿನ ಲಾರಿ ಚಿಕ್ಕದಾಗಿ ಕಾಣುವುದು ಎಲ್ಲರ ಅನುಭವ.

ಮೂರನೆಯದು ಕರುಳಿನ ಸ್ಥಿತಿ. ಗಾಳಿ ತುಂಬಿ ಹಿಗ್ಗಿಸಿದಾಗ ಚಪ್ಪಟೆ ಪಾಲಿಪ್ ಹರಡಿಕೊಂಡು ಕಾಣುತ್ತದೆ, ಗಾಳಿ ತೆಗೆದರೆ ಮುದುಡುತ್ತದೆ. ಮಲದ ಪದರ ಅಂಚನ್ನು ಮುಚ್ಚಿದರೆ ಗಾತ್ರ ಕಡಿಮೆ ತೋರುತ್ತದೆ.

ನಾಲ್ಕನೆಯದು ಮನುಷ್ಯ ಸ್ವಭಾವ. ಅಂದಾಜು ಹೇಳುವವರಿಗೆ 5, 10, 15, 20 ಎಂಬ ದುಂಡು ಅಂಕಿಗಳು ಇಷ್ಟ. ಸಂತೆಯಲ್ಲಿ ಕಣ್ಣಳತೆಯಲ್ಲೇ ‘ಹತ್ತು ಕಿಲೋ ಆದೀತು’ ಎನ್ನುತ್ತೇವೆಯೇ ಹೊರತು ‘ಒಂಬತ್ತು ಕಿಲೋ ಇನ್ನೂರು ಗ್ರಾಂ’ ಎನ್ನುವುದಿಲ್ಲ. ವೈದ್ಯರ ವರದಿಗಳಲ್ಲೂ ಇಂಥ ದುಂಡು ಅಂಕಿಗಳು ರಾಶಿಯಾಗಿ ಬೀಳುವುದನ್ನು ಸಂಶೋಧಕರು ಗಮನಿಸಿದ್ದಾರೆ. ನಿಜವಾಗಿ 8 ಅಥವಾ 9 ಇದ್ದದ್ದು 10 ಆಗಿಬಿಡುವುದು ಹೀಗೆಯೇ.

ಅಳೆಯುವ ಸಾಧನಗಳು

ಇಚಲಕರಂಜಿಯಲ್ಲಿ ಬಟ್ಟೆ ಕೊಳ್ಳುವ ವ್ಯಾಪಾರಿ ನೇಯ್ಗೆ ಎಷ್ಟು ಒತ್ತಾಗಿದೆ ಎಂದು ಬರಿಗಣ್ಣಿನಿಂದ ಹೇಳುವುದಿಲ್ಲ. ಅಳತೆ ಗೊತ್ತಿರುವ ಚೌಕದ ಪಿಕ್ ಗ್ಲಾಸ್ ಅನ್ನು ಬಟ್ಟೆಯ ಮೇಲಿಟ್ಟು ದಾರ ಎಣಿಸುತ್ತಾನೆ. ಕರುಳಿನೊಳಗೂ ಉಪಾಯ ಇದೇ: ಅಳತೆ ಗೊತ್ತಿರುವ ವಸ್ತುವನ್ನು ಪಾಲಿಪ್‌ನ ಪಕ್ಕದಲ್ಲೇ ಇಟ್ಟು ಹೋಲಿಸುವುದು.

ಬಯಾಪ್ಸಿ ಚಿಮಟ: ಮಾದರಿ ತೆಗೆಯುವ ಸಣ್ಣ ಇಕ್ಕಳ. ಮುಚ್ಚಿದಾಗ 2 ಮಿ.ಮೀ.ಗಿಂತ ತುಸು ಹೆಚ್ಚು, ಬಾಯಿ ತೆರೆದಾಗ ಸಾಮಾನ್ಯವಾಗಿ 6ರಿಂದ 8 ಮಿ.ಮೀ. ಇರುತ್ತದೆ. ಕಂಪನಿಯಿಂದ ಕಂಪನಿಗೆ ವ್ಯತ್ಯಾಸವಿರುವುದರಿಂದ ತಾವು ಬಳಸುವ ಚಿಮಟದ ಅಳತೆ ವೈದ್ಯರಿಗೆ ಗೊತ್ತಿರಬೇಕು. ಸಣ್ಣ ಪಾಲಿಪ್‌ಗಳಿಗೆ ಇದು ಅನುಕೂಲ.

ಸ್ನೇರ್: ಪಾಲಿಪ್ ಕತ್ತರಿಸುವ ತಂತಿಯ ಕುಣಿಕೆ. 10, 15, 20 ಮಿ.ಮೀ. ಹೀಗೆ ಬೇರೆ ಬೇರೆ ಅಗಲದವು ಸಿಗುತ್ತವೆ. ಹೇಗಿದ್ದರೂ ಪಾಲಿಪ್ ತೆಗೆಯಲು ಇದು ಬೇಕೇ ಬೇಕು. ಆದ್ದರಿಂದ ಹೆಚ್ಚಿನ ಖರ್ಚಿಲ್ಲದ ಅಳತೆಗೋಲು ಇದೇ. ಕುಣಿಕೆ ಪೂರ್ತಿ ತೆರೆದಾಗ ಮಾತ್ರ ಪೊಟ್ಟಣದ ಮೇಲೆ ಬರೆದ ಅಗಲ ಸರಿ. ಅರ್ಧ ತೆರೆದ ಕುಣಿಕೆಯನ್ನು ನೋಡಿ 15 ಎಂದರೆ ಲೆಕ್ಕ ತಪ್ಪುತ್ತದೆ.

ಗೆರೆ ಹಾಕಿದ ಕಡ್ಡಿ: ಕೊಲೊನೊಸ್ಕೋಪ್‌ನ ನಾಳದ ಮೂಲಕ ತೂರಿಸುವ ಅಳತೆಪಟ್ಟಿ. ನಿಖರತೆ ಹೆಚ್ಚು. ಆದರೆ ಇನ್ನೊಂದು ಉಪಕರಣ ಬೇಕು, ಸಮಯವೂ ಬೇಕು. ಆದ್ದರಿಂದ ದಿನನಿತ್ಯ ಬಳಸುವವರು ಕಡಿಮೆ.

ಬೆಳಕಿನ ಅಳತೆ: ಜಪಾನಿನ ಫ್ಯೂಜಿಫಿಲ್ಮ್ ಕಂಪನಿಯ ‘ಸ್ಕೇಲ್ ಐ’ ತಂತ್ರದಲ್ಲಿ ಲೇಸರ್ ಚುಕ್ಕೆಯೊಂದು ಪಾಲಿಪ್‌ನ ಮೇಲೆ ಬೀಳುತ್ತದೆ. ಅದರ ಆಧಾರದ ಮೇಲೆ ಯಂತ್ರ ದೂರವನ್ನು ಲೆಕ್ಕಹಾಕಿ ಪರದೆಯ ಮೇಲೆ ಅಳತೆಪಟ್ಟಿ ಮೂಡಿಸುತ್ತದೆ. ಕೃತಕ ಬುದ್ಧಿಮತ್ತೆಯಿಂದ ಗಾತ್ರ ಹೇಳಿಸುವ ಪ್ರಯತ್ನಗಳೂ ನಡೆದಿವೆ. ಇಂಥ ಯಂತ್ರ ಇಲ್ಲದ ಆಸ್ಪತ್ರೆಯಲ್ಲಿ ಒಳ್ಳೆಯ ಅಳತೆ ಸಾಧ್ಯವಿಲ್ಲ ಎಂದು ತಿಳಿಯಬೇಕಿಲ್ಲ. ತೆರೆದ ಸ್ನೇರ್ ಪಕ್ಕದಲ್ಲಿಟ್ಟು ತೆಗೆದ ಒಂದು ಫೋಟೊ ಕೂಡ ಉತ್ತಮ ದಾಖಲೆ.

ಆಕಾರ ಬದಲಾದರೆ ಅಳತೆಯ ರೀತಿಯೂ ಬದಲು

ತೊಟ್ಟು ಇರುವ ಪಾಲಿಪ್‌ನಲ್ಲಿ ತಲೆಯ ಭಾಗವನ್ನು ಮಾತ್ರ ಅಳೆಯುತ್ತಾರೆ. ತೊಟ್ಟಿನ ಉದ್ದ ಸೇರಿಸುವುದಿಲ್ಲ. ಆದರೆ ತೊಟ್ಟಿನ ದಪ್ಪಕ್ಕೆ ಬೇರೆಯೇ ಮಹತ್ವವಿದೆ. ತೊಟ್ಟಿನೊಳಗೆ ರಕ್ತನಾಳ ಇರುವುದರಿಂದ, ತಲೆ 20 ಮಿ.ಮೀ. ಅಥವಾ ತೊಟ್ಟು 10 ಮಿ.ಮೀ. ಮುಟ್ಟಿದರೆ ಕತ್ತರಿಸುವ ಮೊದಲು ರಕ್ತಸ್ರಾವ ತಡೆಯಲು ಇಂಜೆಕ್ಷನ್ ಅಥವಾ ಕಟ್ಟು ಹಾಕಬೇಕೆಂದು ಯುರೋಪಿನ ಸಂಘ ಹೇಳುತ್ತದೆ.

ಗೋಡೆಗೆ ಅಂಟಿದ ಮತ್ತು ಚಪ್ಪಟೆ ಪಾಲಿಪ್‌ಗಳಲ್ಲಿ ಅತಿ ಅಗಲವಾದ ಅಡ್ಡಳತೆಯನ್ನು ಬರೆಯುತ್ತಾರೆ. ಚಪ್ಪಟೆಯವು ಮಡಿಕೆಯ ಎರಡೂ ಬದಿಗೆ ಹರಡಿದ್ದರೆ ಒಂದು ಬದಿ ಮಾತ್ರ ಕಾಣುತ್ತದೆ. ಇವುಗಳನ್ನು ಅಳೆಯುವುದು ಎಲ್ಲಕ್ಕಿಂತ ಕಷ್ಟ.

ಪ್ರಯೋಗಾಲಯದ ಅಳತೆ ಬೇರೆ ಬಂದರೆ?

ತೆಗೆದ ಪಾಲಿಪ್ ಅನ್ನು ಫಾರ್ಮಲಿನ್ ದ್ರವದಲ್ಲಿ ಹಾಕಿ ಪ್ಯಾಥಾಲಜಿ ಪ್ರಯೋಗಾಲಯಕ್ಕೆ ಕಳುಹಿಸುತ್ತಾರೆ. ಅಲ್ಲಿಯೂ ಗಾತ್ರ ಬರೆಯುತ್ತಾರೆ. ಎರಡು ಕಾಗದದಲ್ಲಿ ಎರಡು ಅಂಕಿ ಕಂಡು ಮನೆಯವರು ಗಾಬರಿಯಾಗುವುದು ಸಹಜ. ಮಾದರಿ ಬದಲಾಗಿದೆಯೇ ಎಂಬ ಸಂಶಯವೂ ಬರುತ್ತದೆ.

ವ್ಯತ್ಯಾಸಕ್ಕೆ ಸಾಮಾನ್ಯ ಕಾರಣಗಳಿವೆ. ಕತ್ತರಿಸಿದ ಮೇಲೆ ರಕ್ತ ಇಳಿದು ಪಾಲಿಪ್ ಕುಗ್ಗುತ್ತದೆ. ಕರೆಂಟ್ ಹಾಯಿಸಿ ಸುಟ್ಟಾಗ, ಫಾರ್ಮಲಿನ್‌ನಲ್ಲಿ ನೆನೆದಾಗ ಇನ್ನಷ್ಟು ಮುದುಡಬಹುದು. ಸುತ್ತಲಿನ ಆರೋಗ್ಯವಂತ ಪದರವೂ ಸೇರಿ ಬಂದಿದ್ದರೆ ಅಳತೆ ದೊಡ್ಡದಾಗಬಹುದು. ತುಂಡು ತುಂಡಾಗಿ ಬಂದಿದ್ದರೆ ಪ್ರಯೋಗಾಲಯದಲ್ಲಿ ಮೂಲ ಗಾತ್ರ ಹೇಳಲು ಆಗುವುದೇ ಇಲ್ಲ. ಆದ್ದರಿಂದಲೇ ಕತ್ತರಿಸುವ ಮೊದಲು ಕರುಳಿನೊಳಗೆ ಅಳೆದು ಬರೆಯುವುದು ಮುಖ್ಯ. ಪಾಲಿಪ್ ಯಾವ ಬಗೆಯದು ಎಂಬ ವಿಷಯದಲ್ಲಿ ಮಾತ್ರ ಪ್ರಯೋಗಾಲಯದ ಮಾತೇ ಕೊನೆ.

ಗಾತ್ರಕ್ಕೆ ತಕ್ಕ ಚಿಕಿತ್ಸೆ

ಹೊಟ್ಟೆ ಕೊಯ್ಯದೆ ಕೊಲೊನೊಸ್ಕೋಪ್ ಮೂಲಕವೇ ಪಾಲಿಪ್ ತೆಗೆಯುವ ವಿಧಾನವನ್ನು 1969ರಲ್ಲಿ ನ್ಯೂಯಾರ್ಕಿನ ಬೆತ್ ಇಸ್ರೇಲ್ ಆಸ್ಪತ್ರೆಯಲ್ಲಿ ವಿಲಿಯಂ ವೂಲ್ಫ್ ಮತ್ತು ಹಿರೋಮಿ ಶಿನ್ಯಾ ಆರಂಭಿಸಿದರು. 1993ರಲ್ಲಿ ಪ್ರಕಟವಾದ ಅಮೆರಿಕದ ರಾಷ್ಟ್ರೀಯ ಪಾಲಿಪ್ ಅಧ್ಯಯನವು, ಅಡಿನೋಮಾ ತೆಗೆಸಿಕೊಂಡವರಲ್ಲಿ ಕರುಳಿನ ಕ್ಯಾನ್ಸರ್ ನಿರೀಕ್ಷಿತ ಪ್ರಮಾಣಕ್ಕಿಂತ ಶೇ. 76ರಿಂದ 90ರಷ್ಟು ಕಡಿಮೆ ಎಂದು ತೋರಿಸಿತು. 2012ರ ಮುಂದುವರಿದ ವರದಿಯಲ್ಲಿ ಕರುಳಿನ ಕ್ಯಾನ್ಸರ್‌ನಿಂದಾಗುವ ಸಾವು ಶೇ. 53ರಷ್ಟು ಕಡಿಮೆಯಾದದ್ದು ಕಂಡಿತು.

ಇಂದು 9 ಮಿ.ಮೀ.ವರೆಗಿನವುಗಳನ್ನು ಸಾಮಾನ್ಯವಾಗಿ ಕರೆಂಟ್ ಬಳಸದ ‘ಕೋಲ್ಡ್ ಸ್ನೇರ್’ನಿಂದ ಕತ್ತರಿಸುತ್ತಾರೆ. ಅತಿ ಸಣ್ಣವನ್ನು ಚಿಮಟದಿಂದಲೂ ಕೀಳಬಹುದು. ದೊಡ್ಡ ಚಪ್ಪಟೆ ಪಾಲಿಪ್‌ಗಳ ಕೆಳಗೆ ದ್ರವ ಚುಚ್ಚಿ, ಗುಳ್ಳೆಯಂತೆ ಎಬ್ಬಿಸಿ ತೆಗೆಯುವ ವಿಧಾನಕ್ಕೆ ‘ಇಎಂಆರ್’ ಎನ್ನುತ್ತಾರೆ. 20 ಮಿ.ಮೀ. ಮೀರಿದವುಗಳನ್ನು ಈ ಕೆಲಸದಲ್ಲಿ ಪಳಗಿದವರೇ ತೆಗೆಯುವುದು ಒಳ್ಳೆಯದು. ‘ಇಲ್ಲಿ ಬೇಡ, ದೊಡ್ಡ ಕೇಂದ್ರಕ್ಕೆ ಹೋಗಿ’ ಎಂದು ವೈದ್ಯರು ಹೇಳಿದರೆ ಅದನ್ನು ಅವರ ಕೊರತೆ ಎಂದು ಭಾವಿಸಬಾರದು. ಅರೆಬರೆ ಕತ್ತರಿಸಿದ ಜಾಗದಲ್ಲಿ ಕಲೆ ಕಟ್ಟಿ ಮುಂದೆ ತೆಗೆಯುವುದು ಕಷ್ಟವಾಗುತ್ತದೆ. ಹಾಗೆಯೇ ದೊಡ್ಡ ಪಾಲಿಪ್ ಎಂದ ಕೂಡಲೇ ಕರುಳು ಕತ್ತರಿಸುವ ಆಪರೇಷನ್ನೇ ಬೇಕೆಂದೂ ಇಲ್ಲ. ಕ್ಯಾನ್ಸರ್ ಲಕ್ಷಣ ಇಲ್ಲದಿದ್ದರೆ ಪರಿಣತರು ಕೊಲೊನೊಸ್ಕೋಪ್ ಮೂಲಕವೇ ತೆಗೆಯಬಲ್ಲರೇ ಎಂದು ಮೊದಲು ವಿಚಾರಿಸಬೇಕು.

ಹೊಟ್ಟೆ ಸ್ವಚ್ಛವಿದ್ದರೆ ಅಳತೆ ಸರಿ

ಅಳತೆಯಲ್ಲಿ ರೋಗಿಯ ಪಾಲೂ ಇದೆ. ಕರುಳು ಸ್ವಚ್ಛವಿಲ್ಲದಿದ್ದರೆ ಸಣ್ಣ ಪಾಲಿಪ್ ಕಾಣುವುದಿಲ್ಲ, ದೊಡ್ಡದರ ಅಂಚು ಕಾಣುವುದಿಲ್ಲ. ಸ್ವಚ್ಛತೆ ತೀರ ಸಾಲದಿದ್ದರೆ ಒಂದು ವರ್ಷದೊಳಗೆ ಇಡೀ ಪರೀಕ್ಷೆಯನ್ನು ಮತ್ತೆ ಮಾಡಬೇಕಾಗುತ್ತದೆ.

ಪರೀಕ್ಷೆಗೆ ಒಂದೆರಡು ದಿನ ಮೊದಲಿನಿಂದ, ವೈದ್ಯರು ಹೇಳಿದಂತೆ, ನಾರು ಮತ್ತು ಬೀಜದ ಆಹಾರ ಬಿಡಬೇಕು. ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಮೊಳಕೆ ಕಾಳಿನ ಮಿಸಳ, ಮೆಣಸಿನಕಾಯಿ ಬೀಜ ಇವು ಕರುಳಿನಲ್ಲಿ ಉಳಿದು ನೋಟಕ್ಕೆ ಅಡ್ಡಿಯಾಗುತ್ತವೆ, ಉಪಕರಣದ ನಾಳವನ್ನೂ ಕಟ್ಟುತ್ತವೆ. ಮೆತ್ತಗಿನ ಅನ್ನ, ಮಜ್ಜಿಗೆ, ಸೋಸಿದ ಬೇಳೆಕಟ್ಟು ಇಂಥವು ನಡೆಯುತ್ತವೆ. ಕೆಂಪು ಅಥವಾ ನೇರಳೆ ಬಣ್ಣದ ಪಾನೀಯ ಬೇಡ, ಅದು ರಕ್ತದಂತೆ ಕಾಣುತ್ತದೆ. ಭೇದಿ ಔಷಧಿಯನ್ನು ಅರ್ಧ ಹಿಂದಿನ ಸಂಜೆ, ಅರ್ಧ ಪರೀಕ್ಷೆಯ ದಿನ ಬೆಳಗ್ಗೆ ಎಂದು ಎರಡು ಭಾಗವಾಗಿ ಕೊಟ್ಟರೆ ಎರಡನ್ನೂ ಪೂರ್ತಿ ಕುಡಿಯಬೇಕು. ರಕ್ತ ತೆಳುವಾಗಿಸುವ ಮಾತ್ರೆ, ಸಕ್ಕರೆ ಕಾಯಿಲೆಯ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ಮೊದಲೇ ತಿಳಿಸಬೇಕು. ತಾವಾಗಿ ನಿಲ್ಲಿಸಬಾರದು.

ವೈದ್ಯರ ಕಡೆಯಿಂದಲೂ ಸಮಯ ಬೇಕು. ಕೊಲೊನೊಸ್ಕೋಪ್ ಹಿಂದೆ ಎಳೆಯುತ್ತಾ ನೋಡುವುದಕ್ಕೆ ಕನಿಷ್ಠ 6 ನಿಮಿಷ ಎಂಬುದು ಬಹುಕಾಲದ ಅಳತೆ. 2024ರಲ್ಲಿ ಅಮೆರಿಕದ ಸಂಘಗಳು ಇದನ್ನು ಸರಾಸರಿ 8 ನಿಮಿಷಕ್ಕೆ ಏರಿಸಿವೆ.

ವರದಿಯಲ್ಲಿ ಕಾಣುವ ಕೆಲವು ಪದಗಳು

ಪೆಡಂಕ್ಯುಲೇಟೆಡ್: ತೊಟ್ಟು ಇರುವುದು.
ಸೆಸೈಲ್: ತೊಟ್ಟಿಲ್ಲದೆ ಗೋಡೆಗೆ ಅಂಟಿರುವುದು.
ಫ್ಲಾಟ್: ಚಪ್ಪಟೆ.
ಸೀಕಮ್: ದೊಡ್ಡ ಕರುಳಿನ ಆರಂಭದ ಚೀಲ. ಇಲ್ಲಿಯವರೆಗೆ ತಲುಪಿದ್ದರೆ ಮಾತ್ರ ಪರೀಕ್ಷೆ ಪೂರ್ಣ.
ಎನ್ ಬ್ಲಾಕ್: ಇಡಿಯಾಗಿ ಒಂದೇ ತುಂಡಿನಲ್ಲಿ ತೆಗೆದದ್ದು.
ಪೀಸ್‌ಮೀಲ್: ತುಂಡು ತುಂಡಾಗಿ ತೆಗೆದದ್ದು.
ಟ್ಯುಬುಲರ್, ವಿಲ್ಲಸ್: ಅಡಿನೋಮಾದ ಬಗೆಗಳು. ವಿಲ್ಲಸ್‌ನಲ್ಲಿ ಅಪಾಯ ಹೆಚ್ಚು.
ಡಿಸ್ಪ್ಲೇಸಿಯಾ: ಜೀವಕೋಶಗಳ ಬದಲಾವಣೆ. ‘ಲೋ ಗ್ರೇಡ್’ ಎಂದರೆ ಕಡಿಮೆ, ‘ಹೈ ಗ್ರೇಡ್’ ಎಂದರೆ ಹೆಚ್ಚು. ಹೈ ಗ್ರೇಡ್ ಇದ್ದರೆ ಗಾತ್ರ ಸಣ್ಣದಿದ್ದರೂ ನಿಗಾ ಬೇಕು.

ಮಿ.ಮೀ. ಮತ್ತು ಸೆಂ.ಮೀ. ಬೆರೆಸಿಕೊಳ್ಳದಂತೆ ಎಚ್ಚರವಿರಲಿ. ‘0.8 ಸೆಂ.ಮೀ.’ ಎಂದರೆ 8 ಮಿ.ಮೀ. ‘1.2 ಸೆಂ.ಮೀ.’ ಎಂದರೆ 12 ಮಿ.ಮೀ. ಬಿಂದುವನ್ನು ನೋಡದೆ 12 ಸೆಂ.ಮೀ. ಎಂದು ಓದಿ ಹೆದರುವುದು ಬೇಡ.

ಗಡಿಯ ಎರಡೂ ಕಡೆ ದವಾಖಾನೆ, ಕಾಗದ ಒಂದೇ

ಗಡಿಭಾಗದವರು ಒಂದೇ ಊರಿನ ಆಸ್ಪತ್ರೆಗೆ ಅಂಟಿಕೊಂಡವರಲ್ಲ. ಇವತ್ತು ಕೊಲ್ಹಾಪುರದ ಸಿಪಿಆರ್ ಆಸ್ಪತ್ರೆ, ನಾಳೆ ಮಿರಜ್, ಮುಂದಿನ ಸಲ ಬೆಳಗಾವಿ. ಇಚಲಕರಂಜಿಯ ಐಜಿಎಂ ಆಸ್ಪತ್ರೆ ಅಥವಾ ಗಡಹಿಂಗ್ಲಜದ ಉಪಜಿಲ್ಲಾ ಆಸ್ಪತ್ರೆಯಲ್ಲಿ ಮೊದಲು ತೋರಿಸಿ ಮುಂದೆ ಕಳುಹಿಸಿಕೊಂಡವರೂ ಇರುತ್ತಾರೆ. ಒಂದು ಕಡೆಯ ದಾಖಲೆ ಇನ್ನೊಂದು ಕಡೆಗೆ ತಾನಾಗಿ ಹೋಗುವುದಿಲ್ಲ. 3 ವರ್ಷದ ಮೇಲೆ ಬೇರೆ ರಾಜ್ಯದ ಬೇರೆ ವೈದ್ಯರು ನೋಡುವಾಗ ಹಳೆಯ ಪಾಲಿಪ್ ಎಲ್ಲಿತ್ತು, ಎಷ್ಟಿತ್ತು ಎಂದು ಹೇಳಲು ಇರುವುದು ರೋಗಿಯ ಕೈಯಲ್ಲಿನ ಕಾಗದ ಮಾತ್ರ.

ಆದ್ದರಿಂದ ಕೊಲೊನೊಸ್ಕೋಪಿ ವರದಿ, ಫೋಟೊಗಳು ಮತ್ತು ಬಯಾಪ್ಸಿ ವರದಿ ಮೂರನ್ನೂ ಒಂದೇ ಪ್ಲಾಸ್ಟಿಕ್ ಚೀಲದಲ್ಲಿಡಬೇಕು. ಮೊಬೈಲಿನಲ್ಲಿ ಫೋಟೊ ತೆಗೆದು ಮನೆಯ ಇನ್ನೊಬ್ಬರಿಗೂ ಕಳುಹಿಸಿಡಬೇಕು. ಬಯಾಪ್ಸಿ ವರದಿ ಕೆಲವು ದಿನಗಳ ನಂತರ ಬರುವುದರಿಂದ ಅದನ್ನು ತರಲು ಹೋಗದೆ ಬಿಡುವವರೂ ಉಂಟು. ಅದಿಲ್ಲದೆ ಮುಂದಿನ ದಿನಾಂಕ ನಿರ್ಧರಿಸಲು ಬರುವುದಿಲ್ಲ.

ಖರ್ಚಿನ ವಿಷಯದಲ್ಲಿ, ಮಹಾರಾಷ್ಟ್ರದವರು ಮಹಾತ್ಮ ಜ್ಯೋತಿರಾವ್ ಫುಲೆ ಜನ ಆರೋಗ್ಯ ಯೋಜನೆ, ಕರ್ನಾಟಕದವರು ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯ ಬಗ್ಗೆ ಆಸ್ಪತ್ರೆಯ ‘ಆರೋಗ್ಯಮಿತ್ರ’ರನ್ನು ಪರೀಕ್ಷೆಗೆ ಮೊದಲೇ ಕೇಳಬೇಕು. ಪರೀಕ್ಷೆಗೆ ಒಂದು ನಿಯಮ, ಪಾಲಿಪ್ ತೆಗೆಯುವುದಕ್ಕೆ ಇನ್ನೊಂದು ನಿಯಮ ಇರಬಹುದು.

ವೈದ್ಯರನ್ನು ಕೇಳಬೇಕಾದ ಪ್ರಶ್ನೆಗಳು

1. ಪಾಲಿಪ್ ಎಷ್ಟಿದ್ದವು? ಪ್ರತಿಯೊಂದೂ ಎಷ್ಟು ಮಿ.ಮೀ.?
2. ಗಾತ್ರವನ್ನು ಕಣ್ಣಂದಾಜಿನಿಂದ ಬರೆದದ್ದೋ, ಚಿಮಟ ಅಥವಾ ಸ್ನೇರ್ ಇಟ್ಟು ನೋಡಿದ್ದೋ?
3. ತೆಗೆಯುವ ಮೊದಲಿನ ಫೋಟೊ ವರದಿಯಲ್ಲಿದೆಯೇ?
4. ಇಡಿಯಾಗಿ ಬಂತೋ, ತುಂಡು ತುಂಡಾಗಿಯೋ? ಏನಾದರೂ ಉಳಿದಿದೆಯೇ?
5. ಕರುಳು ಸ್ವಚ್ಛವಿತ್ತೇ? ಸೀಕಮ್‌ವರೆಗೆ ನೋಡಲಾಯಿತೇ?
6. ಬಯಾಪ್ಸಿ ವರದಿ ಯಾವಾಗ ಸಿಗುತ್ತದೆ?
7. ಮುಂದಿನ ಪರೀಕ್ಷೆ ಯಾವ ವರ್ಷ? ದಯವಿಟ್ಟು ಬರೆದುಕೊಡಿ.

‘ಡಾಕ್ಟರ್ ಸಾಹೇಬ್, ಕಿತಿ ಮಿಲಿಮೀಟರ್ ಹೋತಾ?’ ಎಂದು ಮರಾಠಿಯಲ್ಲಿ ಕೇಳಿದರೂ, ‘ಎಷ್ಟು ಮಿಲಿಮೀಟರ್ ಇತ್ತರೀ?’ ಎಂದು ಕನ್ನಡದಲ್ಲಿ ಕೇಳಿದರೂ ಉತ್ತರ ಅಂಕಿಯಲ್ಲೇ ಬರಬೇಕು. ಅನುಭವಿ ವೈದ್ಯರು ಇಂಥ ಪ್ರಶ್ನೆಗೆ ಬೇಸರಪಡುವುದಿಲ್ಲ.

ಗಮನಿಸಿ: ಪಾಲಿಪ್ ತೆಗೆದ ನಂತರ ತೀವ್ರ ಹೊಟ್ಟೆನೋವು, ಜ್ವರ, ಹೊಟ್ಟೆ ಬಿಗಿತ ಅಥವಾ ಹೆಚ್ಚು ರಕ್ತ ಹೋಗುವುದು ಕಂಡರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ದೊಡ್ಡ ಪಾಲಿಪ್ ತೆಗೆದವರಲ್ಲಿ ರಕ್ತಸ್ರಾವ ಎರಡು ವಾರದವರೆಗೂ ಕಾಣಿಸಿಕೊಳ್ಳಬಹುದು. ಆ ಅವಧಿಯಲ್ಲಿ ಭಾರ ಎತ್ತುವ ಕೆಲಸ ಮತ್ತು ದೂರದ ಪ್ರಯಾಣ ಮಾಡಬಹುದೇ ಎಂದು ವೈದ್ಯರನ್ನು ಕೇಳಿಯೇ ಮುಂದುವರಿಯಿರಿ. ಈ ಲೇಖನ ಸಾಮಾನ್ಯ ತಿಳಿವಳಿಕೆಗಾಗಿ ಮಾತ್ರ. ಚಿಕಿತ್ಸೆಯ ತೀರ್ಮಾನ ನಿಮ್ಮನ್ನು ಪರೀಕ್ಷಿಸಿದ ವೈದ್ಯರದ್ದೇ.